ಇಂಟರ್ವಲ್‌ಗಳು ಒಂದರ ಮೇಲೊಂದು ಬಂದರೆ ವ್ಯತ್ಯಾಸ ಇಲ್ಲ ಅಂತಲ್ಲ

ದಿನಾ ವಾಕಿಂಗ್ ಮಾಡುವವರ ಬಿಪಿಯ ಮೇಲಿನ ಅಂಕಿಯ ಸರಾಸರಿ 128, 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿಯ ಅಂದಾಜು) 124ರಿಂದ 132. ಮಾಡದವರದ್ದು 135, ಇಂಟರ್ವಲ್ 131ರಿಂದ 139. ಎರಡೂ ಸ್ವಲ್ಪ ಒಂದರ ಮೇಲೊಂದು ಬರುತ್ತವೆ, ಹಾಗಾದರೆ ವ್ಯತ್ಯಾಸವೇ ಇಲ್ವಾ ಅಂತ ಕೇಳಿದ್ದೀರಿ. ಹಾಗಲ್ಲ. ನಾನೂ ಮೊದಲು ಹೀಗೇ ಅಂದುಕೊಂಡಿದ್ದೆ. ವ್ಯತ್ಯಾಸಕ್ಕೇ ಒಂದು ಇಂಟರ್ವಲ್ ಹಾಕಿ ನೋಡಿ. ವ್ಯತ್ಯಾಸ 7. ಎರಡೂ ಕಡೆ ಆಚೀಚೆ 4 ಇದೆ, ಅದನ್ನು ಸುಮ್ನೆ ಕೂಡಿ 8 ಅನ್ನಬಾರದು, ವರ್ಗ ಮಾಡಿ ಕೂಡಿ (16+16) ವರ್ಗಮೂಲ ತೆಗೆಯಬೇಕು, ಸುಮಾರು 5.7 ಬರುತ್ತದೆ. ಅಂದರೆ 1.3ರಿಂದ 12.7. ಸೊನ್ನೆ, ಅಂದರೆ ವ್ಯತ್ಯಾಸವೇ ಇಲ್ಲ ಅನ್ನುವ ಅಂಕಿ, ಇದರ ಒಳಗೆ ಬರಲಿಲ್ಲ ಅಲ್ವಾ? ವ್ಯತ್ಯಾಸ ಇದೆ ಅನ್ನಬಹುದು. ಒಂದೇ ಜನರನ್ನು ಎರಡು ಸಲ ಅಳೆದಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಮತ್ತೆ, ವಾಕಿಂಗ್ ಮಾಡದ ಗುಂಪಿನಲ್ಲಿ ವಯಸ್ಸಾದವರೇ ಜಾಸ್ತಿ ಇದ್ದಾರಾ, ಅದನ್ನೂ ನೋಡಿ.