ಅಳಿವೆಯಲ್ಲಿ ನಿಂತುಹೋಗುವ ಬೋಟ್ ಎಂಜಿನ್: ಪಂಪ್ ಬಿಚ್ಚುವ ಮೊದಲು ನೋಡಬೇಕಾದದ್ದು

ನಮಸ್ಕಾರ. ಗಂಗೊಳ್ಳಿಯಲ್ಲಿರುವ ತಮ್ಮ ಟ್ರಾಲ್ ಬೋಟಿನ ಆರು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಸರಿಯಾಗಿಯೇ ಚಾಲೂ ಆಗುತ್ತದೆ, ಆದರೆ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ವೇಗ ಕೊಟ್ಟ ಸ್ವಲ್ಪ ಹೊತ್ತಿಗೆ ಸದ್ದು ಏರಿಳಿಯುತ್ತಾ ನಿಂತುಬಿಡುತ್ತದೆ ಎಂದು ತಾವು ಬರೆದಿದ್ದೀರಿ. ಹ್ಯಾಂಡ್ ಪ್ರೈಮರ್ (ಡೀಸೆಲನ್ನು ಕೈಯಿಂದ ತಳ್ಳುವ ಪುಟ್ಟ ಪಂಪ್) ಒತ್ತಿ ಡೀಸೆಲ್ ದಾರಿಯ ಏರ್ ತೆಗೆದರೆ ಮತ್ತೆ ಓಡುತ್ತದೆ, ಫಿಲ್ಟರುಗಳನ್ನು ಬದಲಿಸಿದರೂ ಗುಣವಾಗಿಲ್ಲ, ಈಗ ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪನ್ನೇ ಇಳಿಸಿ ಬೆಂಚಿಗೆ (ಪಂಪ್ ಪರೀಕ್ಷಿಸುವ ಯಂತ್ರಕ್ಕೆ) ಕಳುಹಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ ಎಂಬುದೂ ಅದರಲ್ಲಿದೆ. ಪಂಪನ್ನು ಈಗಲೇ ಇಳಿಸಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಪಂಪಿನೊಳಗೆ ಡೀಸೆಲನ್ನು ಒತ್ತುವ ಪ್ಲಂಜರುಗಳು ಸವೆದಿದ್ದರೆ ಬಿಸಿ ಎಂಜಿನ್ ಚಾಲೂ ಆಗಲು ಸತಾಯಿಸುತ್ತದೆ, ಎಂಜಿನಿನ ಶಕ್ತಿ ಕಡಿಮೆಯಾಗುತ್ತದೆ. ಕೈಯಿಂದ ನಾಲ್ಕು ಬಾರಿ ಪ್ರೈಮರ್ ಒತ್ತಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ತಮ್ಮ ಎಂಜಿನ್ ಸರಿಹೋಗುತ್ತಿದೆ ಎಂದರೆ ಪಂಪಿನವರೆಗೆ ಡೀಸೆಲ್ ತಲುಪುತ್ತಿಲ್ಲ, ಇಲ್ಲವೇ ಡೀಸೆಲಿನ ಜೊತೆ ಗಾಳಿಯೂ ಬರುತ್ತಿದೆ.

ಎಂಜಿನ್ ನಿಲ್ಲುವ ರೀತಿಯನ್ನು ಗಮನಿಸುವುದು ಬಹಳ ಮುಖ್ಯ. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಸ್ಟಾಪ್ ಲಿವರಿನ ಕೇಬಲ್ ಎಲ್ಲಿಯಾದರೂ ಬಿಗಿದುಕೊಂಡು ಲಿವರನ್ನು ಎಳೆಯುತ್ತಿದೆಯೇ ಎಂದು ಮೊದಲು ನೋಡಬೇಕು. ಕಪ್ಪು ಹೊಗೆ ಉಗುಳುತ್ತಾ ಏದುಸಿರು ಬಿಟ್ಟು ನಿಂತರೆ ಫ್ಯಾನಿಗೆ (ಬೋಟನ್ನು ತಳ್ಳುವ ಪ್ರೊಪೆಲ್ಲರಿಗೆ) ಬಲೆಯೋ ಹಗ್ಗವೋ ಸುತ್ತಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ತಾವು ಹೇಳಿದಂತೆ ಏರಿಳಿಯುತ್ತಾ, ಹೊಗೆಯಿಲ್ಲದೆ ಸೊರಗಿ ನಿಲ್ಲುವುದು ಮಾತ್ರ ಬಹುಮಟ್ಟಿಗೆ ಡೀಸೆಲ್ ಕೊರತೆಯದೇ ಲಕ್ಷಣ.

ಇದನ್ನು ಖಚಿತಪಡಿಸಿಕೊಳ್ಳಲು ಕ್ಯಾನ್ ಪರೀಕ್ಷೆಗಿಂತ ಒಳ್ಳೆಯ ದಾರಿ ಇಲ್ಲ. 20 ಲೀಟರಿನ ಶುದ್ಧವಾದ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಅಲುಗಾಡದಂತೆ ಕಟ್ಟಿ, ಹೊಸ ಹೋಸ್ ಮೂಲಕ ನೇರವಾಗಿ ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ಇಂಜೆಕ್ಷನ್ ಪಂಪಿಗೆ ಕೊಡುವ ಸಣ್ಣ ಪಂಪಿನ) ಒಳದಾರಿಗೆ ಜೋಡಿಸಿ. ಹೆಚ್ಚಾದ ಡೀಸೆಲ್ ಹಿಂತಿರುಗುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಮೊದಲ ಸಲ ಕ್ಯಾನ್ ಟ್ಯಾಂಕಿನಷ್ಟೇ ಎತ್ತರದಲ್ಲಿರಲಿ. ಹೊಳೆಯ ಒಳಗೆ, ಗೇರ್ ಹಾಕಿ, ಭಾರ ಕೊಟ್ಟು ಓಡಿಸಿದಾಗ ಎಂಜಿನ್ ನಿಲ್ಲದಿದ್ದರೆ ದೋಷವಿರುವುದು ಟ್ಯಾಂಕಿನಲ್ಲಿ ಅಥವಾ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ. ಇಂಜೆಕ್ಷನ್ ಪಂಪ್, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್, ವೇಗ ನಿಯಂತ್ರಿಸುವ ಗವರ್ನರ್ ಮೂರನ್ನೂ ಮುಟ್ಟಬೇಕಾಗಿಲ್ಲ. ಆಗಲೂ ನಿಂತರೆ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ ಮತ್ತೆ ಓಡಿಸಿ. ಎತ್ತರದಿಂದ ತಾನಾಗಿ ಇಳಿಯುವ ಡೀಸೆಲಿನಲ್ಲಿ ಓಡಿ, ಕೆಳಗಿಟ್ಟಾಗ ನಿಲ್ಲುವುದಾದರೆ ಫೀಡ್ ಪಂಪಿನ ವಾಲ್ವುಗಳೋ ಡಯಾಫ್ರಮ್ಮೋ ಸೋತಿವೆ ಎಂದರ್ಥ, ಮತ್ತು ಅದರ ದುರಸ್ತಿಗೆ ತಗಲುವ ಖರ್ಚು ಇಂಜೆಕ್ಷನ್ ಪಂಪಿನ ಖರ್ಚಿಗೆ ಹೋಲಿಸಿದರೆ ತೀರಾ ಸಣ್ಣದು.

ತಮ್ಮ ವಿವರಣೆಯನ್ನು ಓದಿದರೆ ನನಗೆ ಹೆಚ್ಚಿನ ಅನುಮಾನ ಟ್ಯಾಂಕಿನ ಮೇಲೆ. ದಕ್ಕೆಯಲ್ಲಿ ನೀರು ಶಾಂತವಾಗಿರುವಾಗ ಟ್ಯಾಂಕಿನ ಕೆಸರು ತಳದಲ್ಲೇ ಕೂತಿರುತ್ತದೆ. ಅಳಿವೆಯಲ್ಲಿ ಬೋಟು ಹೊಯ್ದಾಡಿದೊಡನೆ ಅದು ಕದಡಿ ಎದ್ದು ಸಕ್ಷನ್ ಪೈಪಿನ ಬಾಯಿಗೆ ಬಂದು ಅಂಟುತ್ತದೆ. ಕೆಲವು ಟ್ಯಾಂಕುಗಳಲ್ಲಿ ಆ ಬಾಯಿಗೆ ಸಣ್ಣ ತಂತಿಬಲೆಯೂ ಇರುತ್ತದೆ. ಎಂಜಿನ್ ನಿಂತು ಎಳೆತ ಇಲ್ಲವಾದಾಗ ಅಂಟಿದ ಕೆಸರು ಕಳಚಿ ಬೀಳುವುದರಿಂದಲೇ ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಮತ್ತೆ ಓಡುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅರ್ಧ ತುಂಬಿದ ಟ್ಯಾಂಕಿನ ಖಾಲಿ ಭಾಗದ ಒದ್ದೆ ಗಾಳಿ ತಗಡಿಗೆ ತಾಗಿ ನೀರಾಗಿ ತಳಕ್ಕೆ ಇಳಿಯುತ್ತದೆ, ಕಬ್ಬಿಣದ ಟ್ಯಾಂಕಾದರೆ ತುಕ್ಕೂ ಸೇರುತ್ತದೆ, ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪನೆಯ ಲೋಳೆ ಕಟ್ಟುತ್ತದೆ. ಟ್ಯಾಂಕಿನ ತೀರಾ ತಳದ ಕಾಕಿನಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ಅಡಿಯಲ್ಲಿ ನೀರು, ಅದರ ಮೇಲೆ ಕಪ್ಪು ಪದರ ಕಂಡರೆ ಮುಚ್ಚಳ ತೆಗೆದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸಿ ತೆಗೆಯುವುದೊಂದೇ ಉಪಾಯ. ಔಷಧಿ ಸುರಿದರೆ ಜೀವಿಗಳು ಸಾಯುತ್ತವೆ, ಕೆಸರು ಅಲ್ಲೇ ಉಳಿದು ಹೊಸ ಫಿಲ್ಟರನ್ನೂ ಕಟ್ಟುತ್ತದೆ. ಒರೆಸುವಾಗ ಎಂಜಿನ್ ಕೋಣೆಯ ಬಾಗಿಲುಗಳು ತೆರೆದಿರಲಿ, ಹತ್ತಿರದಲ್ಲಿ ಬೀಡಿ, ವೆಲ್ಡಿಂಗ್ ಯಾವುದೂ ಬೇಡ.

ಟ್ಯಾಂಕಿನ ಗಾಳಿಕೊಳವೆಯನ್ನು ಮರೆಯಬೇಡಿ. ಉಪ್ಪು, ಬಣ್ಣ ಅಥವಾ ಕಣಜದ ಗೂಡಿನಿಂದ ಅದು ಮುಚ್ಚಿದ್ದರೆ ಎಂಜಿನ್ ಎಳೆದಷ್ಟೂ ಟ್ಯಾಂಕಿನೊಳಗೆ ಒತ್ತಡ ಕುಸಿಯುತ್ತದೆ. ಎಂಜಿನ್ ಸೊರಗಲು ಆರಂಭಿಸಿದ ಕ್ಷಣ ತುಂಬುವ ಮುಚ್ಚಳವನ್ನು ಸಡಿಲಿಸಿದಾಗ ಸುಯ್ಯೆಂಬ ಸದ್ದಿನೊಂದಿಗೆ ಎಂಜಿನ್ ಚೇತರಿಸಿಕೊಂಡರೆ ಕಾರಣ ಅದೇ.

ಗಾಳಿ ಸೇರುವ ವಿಷಯ ಇನ್ನೂ ಸೂಕ್ಷ್ಮವಾದದ್ದು. ಫೀಡ್ ಪಂಪಿನ ಹಿಂದಿನ, ಅಂದರೆ ಟ್ಯಾಂಕಿನ ಕಡೆಯ, ಭಾಗದಲ್ಲಿ ಇರುವುದು ಒತ್ತಡವಲ್ಲ, ಎಳೆತ. ಆದ್ದರಿಂದ ಜೋಡಣೆ ಸಡಿಲವಾಗಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲಾ ಒಣಗಿದೆ ಎಂದು ಸಮಾಧಾನಪಡುವಂತಿಲ್ಲ. ಫೀಡ್ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಹೋಸ್ ಹಾಕಿ ನೋಡಿದರೆ ಗುಳ್ಳೆಗಳು ಓಡುವುದು ಕಣ್ಣಿಗೆ ಕಾಣುತ್ತದೆ, ಮತ್ತು ಆ ತುಂಡನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತಾ ಹೋದರೆ ಗಾಳಿ ಎಲ್ಲಿ ಸೇರುತ್ತಿದೆ ಎಂಬುದು ಸಿಕ್ಕಿಬೀಳುತ್ತದೆ. ತಾವು ಇತ್ತೀಚೆಗೆ ಫಿಲ್ಟರ್ ಬದಲಿಸಿರುವುದರಿಂದ ಹಳೆಯ ರಬ್ಬರ್ ರಿಂಗ್ ತೋಡಿನಲ್ಲೇ ಉಳಿದು ಅದರ ಮೇಲೆ ಹೊಸದು ಕೂತಿದೆಯೇ ಎಂದು ದಯವಿಟ್ಟು ಬಿಚ್ಚಿ ನೋಡಿ. ಡೀಸೆಲ್ ಪೈಪಿನ ತುದಿಯನ್ನು ಬಿಗಿಯುವ, ಒಳಗೆ ತೂತಿರುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳು ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತವೆ. ಹೊಸವು ಸಿಗದಿದ್ದರೆ ಹಳೆಯವನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ, ಆಮೇಲೆ ಎರಡೂ ಮುಖಗಳನ್ನು ನುಣುಪಾಗಿ ಉಜ್ಜಿ ಹಾಕಬಹುದು. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಳಚಿ ಎಳೆತಕ್ಕೆ ಮುಚ್ಚಿಕೊಳ್ಳುವುದುಂಟು, ಆದ್ದರಿಂದ ಅದನ್ನು ಪರೀಕ್ಷಿಸುತ್ತಾ ಕೂರದೆ ಬದಲಿಸುವುದೇ ಲೇಸು. ಪ್ರೈಮರಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಗಿಯದಿದ್ದರೆ ಅದೇ ಗಾಳಿಯ ದಾರಿಯಾಗುತ್ತದೆ.

ಏರ್ ತೆಗೆಯುವಾಗ ಟ್ಯಾಂಕಿನ ಕಡೆಯಿಂದ ಮುಂದಕ್ಕೆ ಬನ್ನಿ: ಮೊದಲು ಪ್ರೈಮರಿ ಫಿಲ್ಟರ್, ಆಮೇಲೆ ಎರಡನೆಯ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ಅಗತ್ಯವಿದ್ದರೆ ಮಾತ್ರ ನಾಝಲ್ ಪೈಪಿನ ನಟ್ಟುಗಳು. ಆ ಪೈಪುಗಳಲ್ಲಿ ಒತ್ತಡ 150 ಬಾರ್‌ಗಿಂತಲೂ (ಬಾರ್ ಎಂಬುದು ಒತ್ತಡದ ಅಳತೆ) ಹೆಚ್ಚಿರುತ್ತದೆ. ಸಣ್ಣ ಸೀಳಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು, ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ. ಸೈಲೆನ್ಸರಿಗೆ ಸಮುದ್ರದ ನೀರು ಬಿಡುವ ವ್ಯವಸ್ಥೆ ತಮ್ಮ ಬೋಟಿನಲ್ಲಿದ್ದರೆ, ಚಾಲೂ ಆಗದ ಎಂಜಿನನ್ನು ಸ್ಟಾರ್ಟರಿನಿಂದ ಬಹಳ ಹೊತ್ತು ತಿರುಗಿಸುವಾಗ ನೀರಿನ ಕಾಕ್ ಮುಚ್ಚಿರಲಿ, ಇಲ್ಲದಿದ್ದರೆ ಆ ನೀರು ಸಿಲಿಂಡರಿಗೆ ಏರುತ್ತದೆ. ಎಂಜಿನ್ ಚಾಲೂ ಆದ ತಕ್ಷಣ ಕಾಕನ್ನು ತೆರೆಯಿರಿ.

ಕ್ಯಾನನ್ನು ಎತ್ತರದಲ್ಲಿ ಕಟ್ಟಿದಾಗಲೂ ಎಂಜಿನ್ ನಿಂತರೆ ರಿಟರ್ನ್ ದಾರಿಯ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಬದಲಿಸಿ ನೋಡಿ; ಅದು ಸಡಿಲವಾಗಿದ್ದರೆ ಪಂಪಿನೊಳಗೆ ಬೇಕಾದ ಒತ್ತಡ ನಿಲ್ಲುವುದಿಲ್ಲ. ಅದೂ ಸರಿಯಿದ್ದರೆ ಮಾತ್ರ ಪಂಪನ್ನೂ ನಾಝಲುಗಳನ್ನೂ ಬೆಂಚಿಗೆ ಕೊಡಿ.

ಅಳಿವೆಯಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗಿ ಮಗುಚುವ ಅಪಾಯವಿದೆ, ಬೋಟಿನಲ್ಲಿರುವ ಪ್ರತಿಯೊಬ್ಬರ ಜೀವದ ಪ್ರಶ್ನೆ ಅದು. ದುರಸ್ತಿಯ ಬಳಿಕ ಹೊಳೆಯ ಒಳಗೇ, ಲಂಗರು ಬಿಡಲು ಸಿದ್ಧವಾಗಿಟ್ಟುಕೊಂಡು, ಭಾರ ಕೊಟ್ಟು ಕನಿಷ್ಠ ಎರಡು ಗಂಟೆ ನಿಲ್ಲದೆ ಓಡುವವರೆಗೆ ಹೊರಗೆ ಹೋಗಬೇಡಿ ಎಂದು ಬೋಟು ನಡೆಸುವ ತಾಂಡೇಲರಿಗೂ ಹೇಳಿ. ಬಾಟಲಿಯಲ್ಲಿ ಏನು ಕಂಡಿತು, ಕ್ಯಾನ್ ಕೆಳಗಿದ್ದಾಗ ಮತ್ತು ಮೇಲಿದ್ದಾಗ ಎಂಜಿನ್ ಹೇಗೆ ಓಡಿತು ಎಂಬುದನ್ನು ಇಲ್ಲಿ ಬರೆಯಿರಿ; ಬಾಟಲಿಯ ಒಂದು ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.