ಪೆಂಡಾಲಲ್ಲಿ ಮೊದಲ ಭೇಟಿ

ಪ್ರಶ್ನೆ: ಮೇಡಂ, ನಂಗೆ 23, ಜಯನಗರದಲ್ಲಿ ಮನೆ. ಆನ್‌ಲೈನಲ್ಲಿ ಒಬ್ರು ಪರಿಚಯ, ಒಂದೂವರೆ ವರ್ಷದಿಂದ ಬರೀ ರಾಗ, ಕಛೇರಿ ಅಂತಾನೇ ಮಾತು, ಮುಖ ನೋಡಿಲ್ಲ. ಈ ಸಲ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಒಟ್ಟಿಗೆ ಹೋಗೋಣ ಅಂತಿದಾರೆ. ಅಮ್ಮ ಬೇಡ ಅಂತಾರೆ. ಏನ್ ಮಾಡ್ಲಿ?

ಉತ್ತರ: ಹೋಗ್ಬಾ ಪುಟ್ಟಿ. ಆದ್ರೆ ಅಮ್ಮಂಗೆ ಸುಳ್ಳು ಹೇಳಿ ಹೋಗ್ಬೇಡ, ಅವರನ್ನೂ ಕರ್ಕೊಂಡ್ ಹೋಗು, ಎರಡು ಸಾಲು ಹಿಂದೆ ಕೂತ್ಕೊಳ್ಲಿ. ರಾಮಸೇವಾ ಮಂಡಳಿಯವ್ರು 1939ರಿಂದ ನಡೆಸ್ಕೊಂಡ್ ಬಂದಿರೋ ಉತ್ಸವ ಅದು, ಚಾಮರಾಜಪೇಟೆ ಅಜ್ಜ ಅಜ್ಜಿಯರೆಲ್ಲ ಬಂದು ಕೂತಿರ್ತಾರೆ, ಮೊದಲ ಸಲ ಭೇಟಿ ಆಗೋಕೆ ಇಂಥ ಜಾಗಾನೇ ಸರಿ.

ಹೋಗೋ ಮುಂಚೆ ಒಂದ್ಸಲ ವಿಡಿಯೋ ಕಾಲ್ ಮಾಡು. ಒಂದೂವರೆ ವರ್ಷ ಆದ್ಮೇಲೂ ಮುಖ ತೋರ್ಸಲ್ಲ ಅಂದ್ರೆ ನಂಗೆ ಸರಿ ಅನ್ಸಲ್ಲ, ಅಲ್ಲಿಗೇ ಬಿಟ್ಬಿಡು. ಪಿಕಪ್ ಮಾಡ್ತೀನಿ ಅಂದ್ರೆ ಬೇಡ ಅನ್ನು, ಜಯನಗರದಿಂದ ಹಸಿರು ಮೆಟ್ರೋ ಹತ್ತಿದ್ರೆ ಕೆ.ಆರ್. ಮಾರ್ಕೆಟ್ ಸ್ಟೇಷನ್ ಸೀದಾ ಸಿಗುತ್ತೆ. ನಿನ್ನ ಟಿಕೆಟ್ ನಿನ್ನ ಹತ್ರಾನೇ ಇರ್ಲಿ, ಫೋನ್ ಚಾರ್ಜ್ ಇರ್ಲಿ, 112 ನೆನಪಿರ್ಲಿ.

ಆಮೇಲೆ ಗಮನಿಸು, ತನಿ ಆವರ್ತನ, ಅಂದ್ರೆ ಹಾಡು ನಿಲ್ಸಿ ಬರೀ ಮೃದಂಗದಂಥ ತಾಳವಾದ್ಯ ನುಡಿಸೋ ಭಾಗ, ಶುರುವಾದ ತಕ್ಷಣ ಅರ್ಧ ಜನ ಕಾಫಿಗೆ ಎದ್ದು ಹೋಗ್ತಾರೆ, ಆಗ ಆ ಮನುಷ್ಯ ತೊಡೆ ಮೇಲೆ ತಾಳ ಹಾಕ್ತಾ ಮೃದಂಗ ಕೇಳ್ತಿದಾರಾ, ಇಲ್ಲ ನಿನ್ ಜೊತೆ ಸೆಲ್ಫಿ ತಗೋಳೋದ್ರಲ್ಲೇ ಇದಾರಾ ನೋಡು. ಕಸಿವಿಸಿ ಆದ್ರೆ ಎದ್ದು ಅಮ್ಮನ ಪಕ್ಕ ಹೋಗಿ ಕೂತ್ಕೋ, ಕಾರಣ ಹೇಳ್ಬೇಕಾಗಿಲ್ಲ. ಎಲ್ಲ ಚೆನ್ನಾಗಿದ್ರೆ ಮಂಗಳ ಹಾಡೋ ತನಕ ಕೂತು ಕೇಳಿ, ಆಮೇಲೆ ಅಮ್ಮಂಗೆ ಪರಿಚಯ ಮಾಡ್ಸು.