ಜೀನ್ ದೋಷವಿದ್ದರೆ ಅಂಡಾಶಯದ ಶಸ್ತ್ರಚಿಕಿತ್ಸೆ ವ್ಯರ್ಥವೇ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು, ವಯಸ್ಸು 46. 52 ವರ್ಷದ ಅಕ್ಕನಿಗೆ ಮೂರನೇ ಹಂತದ ಅಂಡಾಶಯದ ಕ್ಯಾನ್ಸರ್. ಮಂಗಳೂರಿನಲ್ಲಿ ಮೂರು ಸುತ್ತು ಕಿಮೊಥೆರಪಿ ಮುಗಿದಿದ್ದು, ಮುಂದೆ ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಈ ನಡುವೆ ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ1 ಜೀನ್‌ನ ದೋಷ ಕಂಡುಬಂದಿದೆ. ವಂಶದಿಂದ ಬಂದ ಕಾಯಿಲೆಗೆ ಆಪರೇಷನ್ ಮಾಡಿಸಿ ಫಲವಿಲ್ಲವೆಂದು ನೆಂಟರು ಹೇಳುತ್ತಾರೆ. ತಾಯಿಯ ಕಡೆ ಯಾರಿಗೂ ಕ್ಯಾನ್ಸರ್ ಇರಲಿಲ್ಲ. ಸೋದರತ್ತೆಯೊಬ್ಬರು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ನಾನೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಶಸ್ತ್ರಚಿಕಿತ್ಸೆಯನ್ನು ಕೈಬಿಡಲು ಈ ವರದಿ ಕಾರಣವಾಗಲಾರದು. ಮೂರನೇ ಹಂತದಲ್ಲಿ ರೋಗವು ಹೊಟ್ಟೆಯ ಒಳಪದರಕ್ಕೂ ಕರುಳಿನ ಮೇಲಿನ ಕೊಬ್ಬಿನ ಪೊರೆಗೂ ಹರಡಿರುವುದು ಸಾಮಾನ್ಯ. ಅಂಡಾಶಯ, ಅಂಡನಾಳ, ಗರ್ಭಕೋಶಗಳೊಂದಿಗೆ ಅದನ್ನೂ ಕಣ್ಣಿಗೆ ಕಾಣುವ ಗಡ್ಡೆ ಒಂದೂ ಉಳಿಯದಂತೆ ತೆಗೆಯಲು ಸಾಧ್ಯವಾಯಿತೇ ಎಂಬುದು ಮುಂದಿನ ಆಯುಷ್ಯವನ್ನು ನಿರ್ಧರಿಸುವ ಮುಖ್ಯ ಅಂಶಗಳಲ್ಲಿ ಒಂದು. ಜೀನ್ ದೋಷವಿರುವವರಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರೇ ಆಪರೇಷನ್ ನಡೆಸುವರೇ ಎಂದು ವಿಚಾರಿಸುವುದು ನೆಂಟರ ಮಾತಿಗೆ ಕಿವಿಗೊಡುವುದಕ್ಕಿಂತ ಉಪಯುಕ್ತ.

ಈ ದೋಷದಲ್ಲಿ ಒಂದು ವಿಚಿತ್ರವಿದೆ: ರೋಗ ಬರಲು ಕಾರಣವಾಗುವುದೂ ಚಿಕಿತ್ಸೆಗೆ ಅನುಕೂಲವಾಗುವುದೂ ಅದೇ. ಮುರಿದ ಡಿಎನ್‌ಎ ಎಳೆಗಳನ್ನು ಸರಿಪಡಿಸುವುದು ಬಿಆರ್‌ಸಿಎ ಜೀನ್‌ಗಳ ಕೆಲಸ. ಅಕ್ಕನ ದೇಹದ ಉಳಿದ ಕೋಶಗಳಲ್ಲಿ ಈ ಜೀನ್‌ನ ಒಂದು ಸರಿಯಾದ ಪ್ರತಿ ಇದೆ; ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಅದನ್ನೂ ಕಳೆದುಕೊಂಡಿರುವುದರಿಂದ, ಕಿಮೊಥೆರಪಿಯಲ್ಲಿ ಕೊಡುವ, ಡಿಎನ್‌ಎಗೆ ಹಾನಿಮಾಡುವ ಪ್ಲಾಟಿನಂ ಔಷಧಿಗಳ ಪೆಟ್ಟಿನಿಂದ ಚೇತರಿಸಿಕೊಳ್ಳಲಾರವು. 2012ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ, ಐದು ವರ್ಷ ಬದುಕಿದ್ದವರ ಪ್ರಮಾಣ ದೋಷವಿಲ್ಲದವರಲ್ಲಿ ಶೇ. 36, ಬಿಆರ್‌ಸಿಎ1 ದೋಷವಿದ್ದವರಲ್ಲಿ ಶೇ. 44, ಬಿಆರ್‌ಸಿಎ2 ದೋಷವಿದ್ದವರಲ್ಲಿ ಶೇ. 52 ಇತ್ತು. ವರ್ಷಗಳು ಉರುಳಿದಂತೆ ಈ ಅಂತರ ಕಿರಿದಾಗುತ್ತದೆಂಬುದನ್ನೂ ಹೇಳಬೇಕು. ಆದರೆ ಇವು ಕ್ಯಾನ್ಸರ್ ಕೋಶಗಳ ಇದೇ ದೌರ್ಬಲ್ಯವನ್ನು ಬಳಸಿಕೊಳ್ಳುವ ಒಲಾಪರಿಬ್‌ನಂತಹ ಮಾತ್ರೆಗಳು ಬಳಕೆಗೆ ಬರುವ ಮುಂಚಿನ ಅಂಕಿಗಳು. ಕಿಮೊಥೆರಪಿಗೆ ಸ್ಪಂದಿಸಿದ ಬಿಆರ್‌ಸಿಎ ದೋಷದ ರೋಗಿಗಳಿಗೆ ಈ ಮಾತ್ರೆಯನ್ನು ಎರಡು ವರ್ಷದವರೆಗೆ ಕೊಟ್ಟ ಅಧ್ಯಯನದಲ್ಲಿ, ಏಳು ವರ್ಷಗಳ ಬಳಿಕ ಶೇ. 67 ಮಂದಿ ಬದುಕಿದ್ದರು. ಹುಸಿಮಾತ್ರೆ ಪಡೆದವರಲ್ಲಿ ಇದು ಶೇ. 46.5. ರಕ್ತಹೀನತೆ, ಸುಸ್ತು, ವಾಕರಿಕೆ ಇದರ ಸಾಮಾನ್ಯ ಅಡ್ಡಪರಿಣಾಮಗಳು. ಅಕ್ಕನಿಗೆ ಇದು ಹೊಂದುತ್ತದೆಯೇ ಎಂದು ಆಪರೇಷನ್‌ಗೆ ಮುಂಚೆಯೇ ಕೇಳಿಡಿ. ಖರ್ಚಿನ ದಾರಿ ಹುಡುಕಲು ಸಮಯ ಬೇಕಾಗುತ್ತದೆ.

ಇನ್ನು ನಿಮ್ಮ ವಿಷಯ. ನೀವು ಪರೀಕ್ಷೆ ಮಾಡಿಸಲೇಬೇಕು. ನಮ್ಮ ಕಡೆಯ ಹಲವು ಮನೆತನಗಳ ಅಳಿಯಸಂತಾನದಂತೆ ಈ ದೋಷ ತಾಯಿಯ ಕಡೆಯಿಂದ ಮಾತ್ರ ಇಳಿದುಬರುವುದಿಲ್ಲ. ತಂದೆಯಿಂದಲೂ ಬರಬಹುದು, ನಿಮ್ಮ ಸೋದರತ್ತೆಯ ಕಾಯಿಲೆ ಆ ಕಡೆಗೇ ಬೆರಳು ತೋರಿಸುತ್ತದೆ. ಅಕ್ಕನಲ್ಲಿರುವ ದೋಷ ನಿಮ್ಮಲ್ಲಿಯೂ ಇರುವ ಸಾಧ್ಯತೆ ಶೇ. 50. ಅಣ್ಣತಮ್ಮಂದಿರಿದ್ದರೆ ಅವರಿಗೂ ಅಷ್ಟೇ, ಅವರ ಮಕ್ಕಳಿಗೂ ಅದು ಇಳಿಯಬಹುದು.

ನಿಮ್ಮಲ್ಲಿ ಅದು ಇಲ್ಲವಾದರೆ, ಈ ದೋಷದಿಂದ ಬರುವ ಹೆಚ್ಚುವರಿ ಅಪಾಯ ನಿಮಗಿಲ್ಲ. ಇದ್ದರೆ, 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 44. ಬಿಆರ್‌ಸಿಎ1 ದೋಷವಿರುವವರು ಮಕ್ಕಳಾದ ಬಳಿಕ 35ರಿಂದ 40ರ ವಯಸ್ಸಿನೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವಂತೆ ಸಲಹೆ ನೀಡಲಾಗುತ್ತದೆ. ನೀವು ಆ ವಯಸ್ಸನ್ನು ದಾಟಿದ್ದೀರಿ, ತಡಮಾಡಬಾರದು. ಸ್ಕ್ಯಾನ್ ಮತ್ತು ಸಿಎ-125 ರಕ್ತಪರೀಕ್ಷೆ ಆಗಾಗ ಮಾಡಿಸಿಕೊಂಡಿದ್ದರೆ ಸಾಕೆಂಬ ಭರವಸೆ ಬೇಡ, ಅವು ಶಸ್ತ್ರಚಿಕಿತ್ಸೆಗೆ ಬದಲಿಯಲ್ಲ. ಸ್ತನಗಳ ತಪಾಸಣೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕಾಗುತ್ತದೆ.

ಪರೀಕ್ಷೆಗೆ ಹೋಗುವಾಗ ಅಕ್ಕನ ವರದಿಯ ಪ್ರತಿಯನ್ನು ಒಯ್ಯಿರಿ. ದೋಷ ಯಾವುದೆಂದು ಅದರಲ್ಲಿ ನಿಖರವಾಗಿ ಬರೆದಿರುವುದರಿಂದ ಪ್ರಯೋಗಾಲಯಕ್ಕೆ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಇಳಿಯುತ್ತದೆ. ಆ ಬದಲಾವಣೆ ನಿಜವಾಗಿಯೂ ರೋಗಕಾರಕವೆಂದು ಬರೆದಿದೆಯೇ, ಪರಿಣಾಮ ಅನಿಶ್ಚಿತವೆಂದು ಬರೆದಿದೆಯೇ ಎಂದು ಜೆನೆಟಿಕ್ ಕೌನ್ಸೆಲರ್‌ರಿಂದ ಓದಿಸಿಕೊಳ್ಳಿ. ಅನಿಶ್ಚಿತವೆಂದಿದ್ದರೆ ಅದೊಂದರ ಆಧಾರದ ಮೇಲೆ ಅಂಡಾಶಯ ತೆಗೆಸುವ ನಿರ್ಧಾರಕ್ಕೆ ಬರಬಾರದು.